ಕುರ್ಚಿ ಸುತ್ತಿದ ಹಿಮ್ಮಡಿ

ಕ್ಷೌರದಂಗಡಿಯವನ ಬಲಗಾಲಿನ ಹಿಮ್ಮಡಿ ಕೆಲವು ತಿಂಗಳಿಂದ ಅವನ ಮೇಲೆ ಹಗೆ ಸಾಧಿಸುತ್ತಿತ್ತು. ಬೆಳಿಗ್ಗೆ ಎದ್ದು ಕಾಲು ನೆಲಕ್ಕೆ ತಾಗಿಸಿದರೆ ಸಾಕು, ಮೊಳೆ ಚುಚ್ಚಿದಂತಾಗಿ ಜೀವ ಬಾಯಿಗೆ ಬರುತ್ತಿತ್ತು. ಗೋಡೆ ಹಿಡಿದು ಬಚ್ಚಲು ಮುಟ್ಟುವಷ್ಟರಲ್ಲಿ ನೋವು ತುಸು ಇಳಿಯುತ್ತಿತ್ತು. ಆಗ ಆಸಾಮಿ "ಹೋಯ್ತು ಬಿಡು" ಎಂದು ಗತ್ತಿನಿಂದ ಅಂಗಡಿಗೆ ಹೊರಡುತ್ತಿದ್ದ. ಸಂಜೆ ಕುಂಟುತ್ತಾ ಮನೆಗೆ ಬರುತ್ತಿದ್ದ.

ಗಿರಾಕಿಗಳು ತಲೆ ಕೊಟ್ಟು ಸುಮ್ಮನೆ ಕೂರುತ್ತಾರೆಯೇ? ಬಿಟ್ಟಿ ಸಲಹೆಗೇನು ಬರ. ಒಬ್ಬರು ಬಿಸಿ ಇಟ್ಟಿಗೆಯ ಮೇಲೆ ಕಾಲಿಡು ಎಂದರು, ಇನ್ನೊಬ್ಬರು ಉಪ್ಪುನೀರಲ್ಲಿ ಅದ್ದು ಎಂದರು, ಮತ್ತೊಬ್ಬರು ಎಣ್ಣೆ ತಿಕ್ಕು ಎಂದರು. ಪಾಪ, ಅವನು ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಎಣ್ಣೆ ಹಚ್ಚಿದ ದಿನವಂತೂ ಅಂಗಡಿಯ ನೆಲದ ಕೂದಲೆಲ್ಲ ಮೆತ್ತಿಕೊಂಡು, ಸಂಜೆಗೆ ಅವನ ಅಂಗಾಲಿಗೇ ಕ್ಷೌರ ಮಾಡಿಸುವ ಹಾಗಾಗಿತ್ತು.

ಕೊನೆಗೆ ಹೆಂಡತಿ ಡಾಕ್ಟರಮ್ಮನ ಹತ್ತಿರ ಎಳೆದೊಯ್ದಳು. ಅವರು ಹಿಮ್ಮಡಿ ಒತ್ತಿ ನೋಡಿ, "ಇಲ್ಲಿಂದ ಬೆರಳಿನ ತನಕ ಅಂಗಾಲಲ್ಲಿ ಒಂದು ಪಟ್ಟಿ ಇರುತ್ತೆ. ಅದು ಜಗ್ಗಿ ಜಗ್ಗಿ ನೋಯ್ತಾ ಇದೆ. ದಿನವಿಡೀ ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ನಿಲ್ತೀರಿ, ಜೊತೆಗೆ ಇದೊಂದು ಭಾರ" ಎಂದು ಅವನ ಹೊಟ್ಟೆ ತೋರಿಸಿದರು.

ಅಂದಿನಿಂದ ಹೆಂಡತಿಯ ಆಡಳಿತ ಶುರುವಾಯಿತು. ಹಾಸಿಗೆ ಬಿಡುವ ಮುಂಚೆಯೇ ಪಾದಕ್ಕೆ ಟವೆಲ್ ಸುತ್ತಿ ತನ್ನ ಕಡೆಗೆ ಎಳೆದುಕೊಳ್ಳಬೇಕು. ಗೋಡೆಗೆ ಕೈಯೂರಿ, ಒಂದು ಕಾಲು ಹಿಂದಿಟ್ಟು, ಮೀನಖಂಡ ಬಿಗಿಯುವ ತನಕ ಬಾಗಬೇಕು. ಸಂಜೆ ಹೆಪ್ಪುಗಟ್ಟಿದ ನೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಉರುಳಿಸಬೇಕು. ಮೆತ್ತನೆಯ ದಪ್ಪ ಚಪ್ಪಲಿಯನ್ನು ಮನೆಯೊಳಗೂ ಕಳಚುವಂತಿಲ್ಲ, ಅಂಗಡಿಯೊಳಗೂ ಕಳಚುವಂತಿಲ್ಲ. "ಗೋಡೆ ಬೀಳಲ್ಲ ಕಣ್ರೀ, ಸರಿಯಾಗಿ ತಳ್ಳಿ" ಎಂದು ಅಡುಗೆಮನೆಯಿಂದಲೇ ಗದರುತ್ತಿದ್ದಳು. ಅರ್ಧ ನೋವು ಇಳಿಯಿತು. ಉಳಿದರ್ಧ ಅಂಗಡಿಯಲ್ಲಿ ಕಾದು ಕೂತಿತ್ತು.

ಅದಕ್ಕೆ ಕಾರಣ ಮಾವ. ಕತ್ತರಿ ಹಿಡಿಸಿದ ಗುರುವೂ ಅವರೇ, ಆಮೇಲೆ ಮಗಳನ್ನು ಕೊಟ್ಟವರೂ ಅವರೇ. ಮೊದಲ ದಿನವೇ ಅವರು ಹೇಳಿದ್ದರು, ಗಿರಾಕಿಯನ್ನು ಕನ್ನಡಿಯಿಂದ ತಿರುಗಿಸಬಾರದು, ಸುತ್ತಬೇಕಾದವರು ನಾವು ಎಂದು. ಅಳಿಯ ಅದನ್ನು ವೇದವಾಕ್ಯ ಮಾಡಿಕೊಂಡ. ಅವನ ಅಂಗಡಿಯ ಕುರ್ಚಿ ಬೆರಳಲ್ಲಿ ನೂಕಿದರೆ ಗಿರ್ರನೆ ತಿರುಗುವಂಥದ್ದು. ಆದರೂ ಅದನ್ನು ಅಲ್ಲಾಡಿಸದೆ, ಪ್ರತಿ ತಲೆಯ ಸುತ್ತಲೂ ಬಲ ಹಿಮ್ಮಡಿಯ ಮೇಲೆ ಭಾರ ಬಿಟ್ಟು ತಾನೇ ತಿರುಗುತ್ತಿದ್ದ.

ಹಾಗೆ ತಿರುಗುವಾಗಲೇ ಅನಾಹುತವಾಯಿತು. ಕುರ್ಚಿಯಲ್ಲಿ ಬ್ಯಾಂಡ್ ಮೇಷ್ಟ್ರು ಕೂತಿದ್ದರು. ಮೆರವಣಿಗೆಯಲ್ಲಿ ವಾದ್ಯಕ್ಕಿಂತ ಮೊದಲು ಅವರ ಮೀಸೆ ಬರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಹಿಮ್ಮಡಿ ಚುಳ್ಳೆಂದಿತು, ಕತ್ತರಿ ಕಚಕ್ಕೆಂದಿತು, ಎಡಗಡೆಯ ಮೀಸೆ ಮಡಿಲಿಗೆ ಬಿತ್ತು. ಮುಖ ಕನ್ನಡಿಯ ಕಡೆಗೇ ಇತ್ತಲ್ಲ, ಮೇಷ್ಟ್ರು ಎಲ್ಲವನ್ನೂ ಕಣ್ಣಾರೆ ಕಂಡರು. ಬೈಯಲಿಲ್ಲ. "ಇನ್ನೊಂದು ಕಡೆಯದನ್ನೂ ತೆಗೆದುಬಿಡು" ಎಂದಷ್ಟೇ ಹೇಳಿ, ಬೋಳು ಮುಖ ಹೊತ್ತು ಹೋದರು. ಬೈದಿದ್ದರೆ ವಾಸಿಯಿತ್ತು ಎಂದು ಅವನಿಗೆ ಅನ್ನಿಸಿತು.

"ಇವತ್ತು ಮೀಸೆ, ನಾಳೆ ಕಿವಿ. ಅಂಗಡೀನ ಬೇರೆಯವರಿಗೆ ವಹಿಸಿಬಿಡಿ" ಎಂದಳು ಹೆಂಡತಿ. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಕತ್ತರಿ ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಬಾರದು, ಬರಲಿ ಎಂಬ ಆಸೆಯೂ ಇರಲಿಲ್ಲ.

ಮಾರನೆಯ ದಿನ ಅಪರಾಧಿಯಂತೆ ಮಾವನ ಮುಂದೆ ಹೋಗಿ ನಿಂತ.

"ಮಾವ, ಇನ್ನು ಮೇಲೆ ಗಿರಾಕೀನೇ ತಿರುಗಿಸ್ಲಾ? ಸುತ್ತೋಕೆ ನನ್ನ ಕೈಲಾಗ್ತಿಲ್ಲ. ನೀವು ತಿರುಗಿಸಬಾರದು ಅಂದಿದ್ರಿ."

ಮಾವ ತಲೆ ಕೆರೆದುಕೊಂಡರು. "ನನ್ನ ಕುರ್ಚಿ ಮರದ್ದಲ್ವೇನೋ? ಅಲ್ಲಾಡುತ್ತೆ ಅಂತ ನೆಲಕ್ಕೆ ಮೊಳೆ ಹೊಡೆದಿದ್ದೆ. ಅದನ್ನ ಹೇಗೆ ತಿರುಗಿಸೋದು?"

ಅಳಿಯ ಬಗ್ಗಿ ತನ್ನ ಹಿಮ್ಮಡಿಯನ್ನೇ ನೋಡಿಕೊಂಡ.

"ನಿಂದು ತಿರುಗುತ್ತಲ್ಲ. ಅದನ್ನಿಟ್ಕೊಂಡು ಗಾಣದೆತ್ತಿನ ಥರ ನೀನ್ಯಾಕೋ ಸುತ್ತಿದೆ?"

ಅವನಿಗೆ ಮೈಯೆಲ್ಲ ಉರಿಯಿತು. ದಾರಿಯಲ್ಲಿ ಮಾತ್ರ ಒಬ್ಬನೇ ನಕ್ಕ.

ಮರುದಿನದಿಂದ ಕುರ್ಚಿ ತಿರುಗಿತು, ಅವನು ನಿಂತ. ಹಿಮ್ಮಡಿ ದಿನದಿಂದ ದಿನಕ್ಕೆ ಹಗುರಾಯಿತು. ಆದರೆ ಬ್ಯಾಂಡ್ ಮೇಷ್ಟ್ರು ಬರಲಿಲ್ಲ. ಮೀಸೆ ಚಿಗುರಲು ಹೊತ್ತು ಬೇಕಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೇರೆ ಅಂಗಡಿಗೆ ಹೋಗಿರಬಹುದೆಂಬ ಸಂಕಟ ಮಾತ್ರ ಒಳಗೇ ಕೊರೆಯುತ್ತಿತ್ತು.

ಒಂದು ಮಧ್ಯಾಹ್ನ ಮೇಷ್ಟ್ರು ತುಂಬು ಮೀಸೆಯೊಂದಿಗೆ ಬಂದು ಕೂತರು. ಬಲಗಡೆ ಮುಗಿಸಿ ಅವನು ಕುರ್ಚಿ ತಿರುಗಿಸಿದ. ಕನ್ನಡಿ ಮರೆಯಾಯಿತು, ಎದುರಿಗೆ ಬರೀ ಗೋಡೆ. ಮೇಷ್ಟ್ರು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕೆಳಗೆ ನೋಡಿದರು.

"ಕನ್ನಡಿ ಕಡೆ ತಿರುಗಿಸ್ಲಾ ಮೇಷ್ಟ್ರೇ?"

"ಬೇಡಪ್ಪ. ಹೋದ ಸಲ ಕನ್ನಡಿ ನೋಡ್ತಾ ನೋಡ್ತಾನೇ ಕಳ್ಕೊಂಡೆ. ಈ ಸಲ ನಿನ್ನ ಕಾಲು ನೋಡ್ತಿದ್ದೀನಿ."

ದಪ್ಪ ಚಪ್ಪಲಿಯೊಳಗೆ ಎರಡು ಕಾಲೂ ನೆಟ್ಟಗೆ ಊರಿದ್ದವು. ಮೇಷ್ಟ್ರು ಹಿಡಿತ ಸಡಿಲಿಸಿ, ಮೀಸೆಯನ್ನು ಮುಂದೆ ಚಾಚಿ, ಕಣ್ಣು ಮುಚ್ಚಿದರು.