ಕಿವಿಯಂಚಿನ ಜುಮುಕಿಗಳು

ಧಾರವಾಡದಿಂದ ಹೊತ್ತು ತಂದ ಸುಟ್ಟ ಮಣ್ಣಿನ ಒಡವೆಗಳನ್ನು ಕಾಸರಗೋಡಿನ ಕಲಾಮೇಳದಲ್ಲಿ ಹರಡಿಕೊಂಡು ಕೂತಿದ್ದೆ. ಬಂದವರೆಲ್ಲ ಎತ್ತಿ ನೋಡಿ, "ಮಣ್ಣಾ? ಒಡೆಯುವುದಿಲ್ವಾ?" ಎಂದು ಕೇಳಿ ಕೆಳಗಿಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಉತ್ತರ ಕೊಡುವ ತಾಳ್ಮೆಯೂ ಮುಗಿದಿತ್ತು.

ಆಗ ಹತ್ತಿರದ ಶಿರಿಯ ಊರಿನ ಬ್ಯಾರಿ ಮುಸ್ಲಿಂ ಅಜ್ಜಿಯೊಬ್ಬರು ಮೊಮ್ಮಗಳ ಜೊತೆ ಬಂದರು. ನನ್ನ ಅತಿ ಸಣ್ಣ ಕೆಂಪು ಜುಮುಕಿಯನ್ನು ಎತ್ತಿಕೊಂಡು, "ಇಂಥದ್ದು ಇನ್ನೆಷ್ಟು ಉಂಟು ಮಗಳೇ?" ಎಂದರು.

"ಒಂದು ಜೋಡಿ ಸಾಕಲ್ಲ ಅಜ್ಜಿ?" ಎಂದೆ.

ಅವರು ನಕ್ಕು ತಲೆವಸ್ತ್ರ ಸರಿಸಿದರು. ಕಿವಿಯ ಹಾಲೆಯಿಂದ ಮೇಲಂಚಿನವರೆಗೂ ಸಾಲಾಗಿ ತೂತುಗಳು, ಎಲ್ಲವೂ ಖಾಲಿ. "ಮೊದಲು ಇದರ ತುಂಬ ಚಿನ್ನದ ಅಲಿಕತ್ತು ಇತ್ತು. ಹೆಣ್ಣುಮಕ್ಕಳ ಮದುವೆಗೆ ಕೊಟ್ಟೆ."

ಜೋಡಿ ಜೋಡಿಯಾಗಿ ಕಟ್ಟಿದ್ದ ಪ್ಯಾಕೆಟ್ಟುಗಳನ್ನೆಲ್ಲ ಬಿಚ್ಚಿ ಸುರಿದೆ. ಮೊಮ್ಮಗಳು ಒಂದೊಂದಾಗಿ ಸಿಕ್ಕಿಸಿದಳು. ಎರಡೂ ಕಿವಿ ತುಂಬಿದಾಗ ಅಜ್ಜಿ ಕನ್ನಡಿಯ ಮುಂದೆ ತಲೆ ಅಲ್ಲಾಡಿಸಿದರು. ಜುಮುಕಿಗಳೆಲ್ಲ ಒಟ್ಟಿಗೇ ಕುಣಿದವು. ಇಷ್ಟು ವರ್ಷ ಮಾಡಿದ ನನಗೇ ಅವು ಇಷ್ಟು ಚಂದ ಎಂದು ಗೊತ್ತಿರಲಿಲ್ಲ.

"ಡಬ್ಬಿಯಲ್ಲಿ ಹಾಕಿ ಕೊಡಲಾ?" ಎಂದೆ.

"ಎಂತಕ್ಕೆ? ಹಾಕಿಕೊಂಡೇ ಹೋಗುದು."

ವಸ್ತ್ರವನ್ನು ಕಿವಿಗಳ ಹಿಂದೆ ಸಿಕ್ಕಿಸಿಕೊಂಡು, ಸಾಲು ಪೂರ್ತಿ ಕಾಣುವಂತೆ, ಮೇಳದ ನಡುವೆಯೇ ನಡೆದರು. ಪಕ್ಕದ ಮಳಿಗೆಯಲ್ಲಿ ಅಜ್ಜಿಯ ಪರಿಚಯದ ಹೆಂಗಸೊಬ್ಬಳು ಅವರ ಕಿವಿಗೆ ಕೈ ಚಾಚಿ, "ಇದೆಂತ, ಮಣ್ಣಾ?" ಎಂದಳು.

"ಮಣ್ಣೇ," ಎಂದರು ಅಜ್ಜಿ. "ಕೈ ಹಾಕಬೇಡ. ದೂರ ನಿಂತು ನೋಡು."