ದೂರ ಹೊಂಟೀರೇನ್ರಿ?

ಸಾಣಾಪುರದಲ್ಲಿ ತಂಗಿಯ ಮನೆಯ ಕಟ್ಟೆಯ ಮೇಲೆ ಅವತ್ತು ನಾವು ನಾಲ್ಕು ಜನ ಕೂತಿದ್ದೆವು. ನಾನು, ತಂಗಿ, ಅವಳ ಅತ್ತೆ, ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಖಾಲಾ. ಎದುರಿಗೆ ಬೇವಿನ ನೆರಳಲ್ಲಿ ತಂಗಿಯ ಹೊಸ ಆಟೋ ನಿಂತಿತ್ತು. ಮಾರನೆಯ ದಿನದಿಂದ ಅವಳು ಅದನ್ನು ಕೆರೆಯ ಹತ್ತಿರ ಓಡಿಸುವವಳು. ಅಲ್ಲಿಗೆ ಬರುವ ಪ್ರವಾಸಿಗರ ಜೊತೆ ಮಾತಾಡುವಷ್ಟು ಇಂಗ್ಲಿಷ್ ಕಲಿಸಲೆಂದು ನನ್ನನ್ನು ಗಂಗಾವತಿಯಿಂದ ಕರೆಸಿದ್ದಳು.

ಅತ್ತೆ ಆಟೋಗೆ ಕಾಯಿ ಒಡೆದಿದ್ದರು, ಆದರೆ ಹತ್ತಿರಲಿಲ್ಲ. ತಂಗಿಗೆ ಅದೇ ಕೊರಗು. ಸ್ವಂತ ಅತ್ತೆಯೇ ಹತ್ತದ ಗಾಡಿಯನ್ನು ಊರ ಹೆಂಗಸರು ಹತ್ತುವುದುಂಟೇ?

ನಾನು ‘ವೇರ್’ನಿಂದ ಶುರು ಮಾಡಿದೆ. ಬಹಳ ದುಡಿಯುವ ಮಾತು ಅದು. ಮನೆ ಕೇಳಲಿಕ್ಕೂ ಅದೇ, ಕಳೆದ ಚಪ್ಪಲಿ ಹುಡುಕಲಿಕ್ಕೂ ಅದೇ, ಡಾಕ್ಟರು ನೋವು ಎಲ್ಲಿ ಎನ್ನಲಿಕ್ಕೂ ಅದೇ.

“ಗಿರಾಕಿ ಬಂದ ಕೂಡ್ಲೆ ‘ವೇರ್ ಟು’ ಅನ್ನು. ಎಲ್ಲಿಗೆ ಅಂತ.”

ಹುಣಸೆಹಣ್ಣು ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು. “ಏನ್ರಿ ಬೀಗರ, ಹೊಂಟಾವ್ರನ್ನ ಎಲ್ಲಿಗೆ ಅಂತ ಕೇಳೂದು ಕಲಸಾಕತ್ತೀರಲ್ಲ! ಹೋದ ಕೆಲಸ ಆದೀತೇನು?”

“ಆಟೋದಾಕಿ ಕೇಳ್ಲಿಲ್ಲಂದ್ರ ಹೆಂಗ್ರಿ ಅತ್ತೀ? ಮನಸ್ಸಿಗೆ ಬಂದಲ್ಲೆ ಒಯ್ದು ಇಳಸ್ಲೇನು?” ಎಂದಳು ತಂಗಿ.

“ನಿನ್ನ ಗಾಡಿ, ನಿನ್ನ ಬಾಯಿ. ಎಲ್ಲಿಗೆ ಅಂತ ಕೇಳೋ ಗಾಡಿ ನಾ ಅಂತೂ ಹತ್ತಾಕಿ ಅಲ್ಲ.”

“ಖರೇ ಐತ್ರಿ ಅಣ್ಣಾರ,” ಎಂದರು ಖಾಲಾ. “ಹಂಗ ಕೇಳಿದ್ರ ನಮ್ಮ ಮನ್ಯಾಗೂ ಹೊಂಟಾವ್ರು ತಿರುಗಿ ಬಂದು, ಕುಂತು, ನೀರು ಕುಡದ ಹೋಗ್ತಾರ.”

ನನಗೆ ನಮ್ಮ ಅಜ್ಜ ನೆನಪಾದ. ಅಳವಂಡಿಯಲ್ಲಿ ಅವನು ಕೂತ ಕಟ್ಟೆಯ ಮುಂದೆಯೇ ಊರೆಲ್ಲ ಹಾಯಬೇಕು. ಯಾರನ್ನೂ ಎಲ್ಲಿಗೆ ಎಂದವನಲ್ಲ. “ದೂರ ಹೊಂಟೀರೇನ್ರಿ?” ಎನ್ನುತ್ತಿದ್ದ, ಅಷ್ಟೇ. ಹೊರಟವರು ತಾವಾಗಿ ನಿಂತು, ಕುಷ್ಟಗಿಯ ಮಗಳ ಮನೆ, ಚೀಲದಲ್ಲಿರುವ ಶೇಂಗಾ ಹೋಳಿಗೆ, ತಪ್ಪಿದ ಬಸ್ಸು, ಎಲ್ಲವನ್ನೂ ಹೇಳಿ ಹೋಗುತ್ತಿದ್ದರು. ನಾನು ಮಾತು ಕಲಿತದ್ದು ಆ ಕಟ್ಟೆಯಲ್ಲಿ. ಇಂಗ್ಲಿಷಿನ ಹುಮ್ಮಸ್ಸಿನಲ್ಲಿ ಅದನ್ನೇ ಬಿಟ್ಟಿದ್ದೆನಲ್ಲ!

ಪಾಠ ತಿರುಗಿಸಿದೆ. “‘ವೇರ್ ಫ್ರಮ್’ ಅನ್ನು. ಎಲ್ಲಿಂದ ಬಂದ್ರಿ ಅಂತ. ಇದಕ್ಕೇನೂ ದೋಷ ಇಲ್ಲಲ್ರಿ?”

“ಬಂದಾವ್ರನ್ನ ಕೇಳಬೇಕ್ರೀ. ಅದು ಮರ್ಯಾದಿ,” ಎಂದು ಅತ್ತೆ ಮತ್ತೆ ಹುಣಸೆಗೆ ಕೈ ಹಾಕಿದರು.

ಮರುದಿನ ಕೆರೆಯ ಹತ್ತಿರದ ಚಹಾದಂಗಡಿಯಲ್ಲಿ ಕೂತು ನೋಡಿದೆ. ಇಬ್ಬರು ವಿದೇಶಿ ಹೆಣ್ಣುಮಕ್ಕಳನ್ನು ಉಳಿದ ಆಟೋದವರು ‘ವೇರ್ ಟು, ವೇರ್ ಟು’ ಎಂದು ಮುತ್ತಿದ್ದರು. ತಂಗಿ ಸೆರಗು ಸರಿಮಾಡಿಕೊಂಡು, “ವೇರ್ ಫ್ರಮ್?” ಎಂದಳು. ಅವರ ಮುಖ ಅರಳಿತು. ತಮ್ಮ ದೇಶ ಹೇಳಿದರು, ಊರು ಹೇಳಿದರು, ಆಮೇಲೆ ಮೊಬೈಲಿನಲ್ಲಿ ಆನೆಗೊಂದಿಯನ್ನು ತಾವೇ ತೋರಿಸಿ ಹತ್ತಿ ಕೂತರು. ಸಂಜೆ ಇದನ್ನೆಲ್ಲ ಕೇಳಿದ ಅತ್ತೆ, “ಹ್ಞೂಂ,” ಎಂದರು. ಅಷ್ಟೇ.

ಕೆಲವು ವಾರ ಕಳೆದು ನಾನು ಮತ್ತೆ ಅಲ್ಲಿಗೆ ಹೋದಾಗ ಸಂತೆಯ ದಿನ. ಅತ್ತೆ ಚೀಲ ಹಿಡಿದು ಹೊರಗೆ ಬಂದರು, ಯಾರಿಗೂ ಏನೂ ಹೇಳದೆ ಆಟೋ ಹತ್ತಿ ಕೂತರು. ತಂಗಿ ಗಾಡಿ ಚಾಲೂ ಮಾಡಿದಳು. ಹಿಂದೆ ತಿರುಗದೆಯೇ ಕೇಳಿದಳು, “ದೂರ ಹೊಂಟೀರೇನ್ರಿ, ಅತ್ತೀ?”

“ಗಂಗಾವತಿಗೆ. ಸಂತಿ ಮಾಡಿ, ಹಂಗ ಕಣ್ಣಿನ ಡಾಕ್ಟರಿಗೂ ತೋರಿಸ್ಕೊಂಡು ಬರೂಣು.”

ಖಾಲಾ ಹೊಲಿಗೆ ಬಿಟ್ಟು ಓಡಿ ಬಂದು ಅವರ ಪಕ್ಕದಲ್ಲಿ ಕೂತರು. ಆಟೋ ಹೊರಟಿತು.