ಕೈಗೆ ಬಿಸಿ ತಾಗಬೇಕು

ನಿನ್ನೆ ಕೊಳ್ಳಲು ಹೋಗಿದ್ದ ರಾಗಿಹಿಟ್ಟಿನ ಪ್ಯಾಕೆಟ್ಟನ್ನು ನಾನು ಕೊಳ್ಳಲೇ ಇಲ್ಲ. ಕನಕಪುರದ ಹೊಸ ಅಂಗಡಿಯಲ್ಲಿ ಅದನ್ನು ಮುಟ್ಟಿ ನೋಡಿದೆ, ತಣ್ಣಗಿತ್ತು. "ಏನ್ ಸಾರ್, ಜ್ವರ ನೋಡ್ತಿದ್ದೀರಾ?" ಎಂದು ಅಂಗಡಿಯ ಹುಡುಗಿ ನಕ್ಕಳು.

ಚಿಕ್ಕಂದಿನಲ್ಲಿ ಅವ್ವನ ಜೊತೆ ನಂಜಪ್ಪನ ಹಿಟ್ಟಿನ ಮಿಲ್ಲಿಗೆ ಹೋಗುತ್ತಿದ್ದೆ. ಹಿಟ್ಟು ಚೀಲಕ್ಕೆ ಬಿದ್ದೊಡನೆ ಅವ್ವ, "ಕೈ ಮಡಗ್ಲಾ ಮಗ, ಬಿಸಿ ಐತಾ?" ಎನ್ನುತ್ತಿದ್ದಳು. ಬಿಸಿಯಿದ್ದರೆ ನಮ್ಮ ರಾಗಿಯದು, ತಣ್ಣಗಿದ್ದರೆ ಯಾರದೋ ಹಳೆಯ ಹಿಟ್ಟು.

"ಅಕ್ಕಾ, ನಿಮ್ ಹಿಟ್ಟು ಬದಲಾಯ್ಸಿ ನಾನೇನ್ ಅರಮನೆ ಕಟ್ಲಾ?" ಎಂದು ನಂಜಪ್ಪ ರೇಗುತ್ತಿದ್ದ.

"ಕಟ್ಟಿದ್ರೆ ನಮ್ಗೂ ಒಸಿ ಜಾಗ ಕೊಡು" ಎಂದು ಅವ್ವ ಚೀಲವನ್ನು ಕೂಸಿನಂತೆ ಸೊಂಟಕ್ಕೇರಿಸುತ್ತಿದ್ದಳು.

ಕಾಲೇಜಿನಲ್ಲಿ ಇದಕ್ಕೆ 'ಕಂಡೀಷನಿಂಗ್' ಎಂದೋ ಏನೋ ಪಾಠವಿತ್ತು. ಗಂಟೆ ಬಾರಿಸಿದರೆ ಸಾಕು, ಊಟ ಬಂತೆಂದು ನಾಯಿ ಜೊಲ್ಲು ಸುರಿಸುತ್ತದಂತೆ. ಉಳಿದದ್ದು ಮರೆತಿದೆ, ಅಂಗೈಗೆ ಕಲಿಸಿದ್ದು ಮರೆತಿಲ್ಲ. ನನ್ನ ಹೆಂಡತಿಯೂ ಬದುಕಿದ್ದಷ್ಟು ದಿನ ಬಿಸಿ ಹಿಟ್ಟನ್ನೇ ತಂದಳು.

ಸುತ್ತಲ ಹೊಲಗಳಲ್ಲಿ ಫ್ಯಾಕ್ಟರಿಗಳು ಬಂದ ಮೇಲೆ ರಾಗಿ ಬೀಸಿಸುವವರು ಕಮ್ಮಿ. ಜನ ಬರದಿದ್ದರೆ ಮಿಲ್ಲನ್ನೇ ಮುಚ್ಚುತ್ತೇನೆ ಎನ್ನುತ್ತಾನೆ ನಂಜಪ್ಪನ ಮಗ. "ನಾನ್ ಬತ್ತೀನಿ ಕಣ್ಲಾ, ವಾರ ವಾರ" ಎಂದು ಮಾತು ಕೊಟ್ಟಿದ್ದೇನೆ. ರಾಗಿಯ ಚೀಲವನ್ನು ಸೈಕಲ್ಲಿಗೆ ಕಟ್ಟಿಟ್ಟು ಇದನ್ನು ಬರೆಯಲು ಕೂತೆ. ಆಗಲೇ ಬೆಳಕು ಹೋಗುತ್ತಿದೆ. ಅವನು ಮಿಲ್ಲಿನ ಬಾಗಿಲು ಹಾಕುವ ಮೊದಲು ಹೊರಡಬೇಕು.